ಬೌಸ್ಪ್ರಿಟ್‌ಗೂ ಬಿಲ್ಲಿಗೂ ನಂಟಿಲ್ಲ

ಮತ್ತೆ ಅದೇ 'ಬಿಲ್ಲುಗಂಬ'! ಹಾಯಿದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿ, ತುದಿಗೆ ಹಾಯಿ ಕಟ್ಟುವ ಕೋಲಿಗೆ ಬೌಸ್ಪ್ರಿಟ್ ಅನ್ನುತ್ತಾರೆ. ಅದಕ್ಕೆ ಯಾರೋ ಹೊಸೆದ ಈ ಪದ ಈ ಸಲ ಕುಶಾಲನಗರದ ವೆಲ್ಡಿಂಗ್ ಶಾಪ್‌ವರೆಗೂ ಬಂದಿತ್ತು. ಗೆಳೆಯರ ಚೀಟಿಯಲ್ಲಿ 'ಒಳಗೆ ಜಾರುವ ಬಿಲ್ಲುಗಂಬ' ಅಂತ ಬರೆದಿತ್ತು. ವೆಲ್ಡರ್ ಅಲ್ಯೂಮಿನಿಯಂ ಪೈಪ್ ಹಿಡಿದು ಕೇಳಿದರು, "ಅಣ್ಣಾ, ಎಷ್ಟು ಬಗ್ಗಿಸ್ಬೇಕು?"

ಅವರದೇನೂ ತಪ್ಪಿಲ್ಲ. ಆದರೆ ಬಗ್ಗಿದ ಪೈಪ್ ಒಳಗೆ ಜಾರುವುದಾದರೂ ಹೇಗೆ?

ಇಂಗ್ಲಿಷಿನಲ್ಲಿ ಬಿಲ್ಲು 'ಬೋ', ದೋಣಿಯ ಮೂತಿ 'ಬೌ'. ಕಾಗುಣಿತ ಒಂದೇ, ಬೇರು ಬೇರೆ. ಬಿಲ್ಲಿನ ಬೇರಿಗೆ 'ಬಾಗು' ಅಂತ ಅರ್ಥ. ದೋಣಿಯ 'ಬೌ' ಡಚ್ಚರು, ಉತ್ತರ ಜರ್ಮನಿಯವರ ಕಡೆಯಿಂದ ಬಂದ ಪದ. ಅದರ ಅರ್ಥ ಭುಜ. ಸಂಸ್ಕೃತದ 'ಬಾಹು' ಕೂಡ ಇದೇ ಬೇರಿನದು! ಮರದ ಕೊಂಬೆಗೆ ಇಂಗ್ಲಿಷರು ಹೇಳುವ 'ಬೌ' ಕೂಡ ಅಷ್ಟೇ. ದೋಣಿಯ ಎರಡು ಪಕ್ಕಗಳು ಮುಂದೆ ಬಂದು ಕೂಡುವ ಜಾಗವನ್ನು ಒಮ್ಮೆ ನೋಡಿ, ಹೆಗಲಿನ ಹಾಗೇ ಇದೆ ಅಲ್ವಾ? 'ಸ್ಪ್ರಿಟ್' ಅಂದರೆ ಕೋಲು. ಹೆಗಲಿನಿಂದ ಮುಂದಕ್ಕೆ ಚಾಚಿದ ಕೋಲು, ಅಷ್ಟೇ.

ಇದಕ್ಕೆ ನಮ್ಮಲ್ಲೇ ಒಳ್ಳೆ ಪದ ಇದೆ, ಮೂಕಿ. ಎತ್ತಿನಗಾಡಿಯ ಮುಂದಕ್ಕೆ ಚಾಚಿರುವ ಮರ. ಗಾಡಿಯ ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಬೌಸ್ಪ್ರಿಟ್‌ನ ಕಷ್ಟವೂ ಅದೇ. ಗಾಳಿ ತುಂಬಿದ ಹಾಯಿ ಅದರ ತುದಿಯನ್ನು ಮೇಲಕ್ಕೆ ಜಗ್ಗುತ್ತದೆ.

ಒಳಗೆಳೆದುಕೊಳ್ಳುವ ಬೌಸ್ಪ್ರಿಟ್‌ಗೆ 'ಮಡಚುವ' ಅನ್ನುವುದೂ ಬೇಡ. ಇದು ಮಡಚುವುದಿಲ್ಲ, ಜಾರುತ್ತದೆ. ಹೊಸ ಫ್ಯಾಷನ್ನೂ ಅಲ್ಲ. 1991ರ ಜೆ/105 ಅನ್ನುವ ಹಾಯಿದೋಣಿಯಲ್ಲಿ ಇಂಥದ್ದಿತ್ತು. ಅದಕ್ಕೂ ಎಷ್ಟೋ ಮೊದಲು ಇಂಗ್ಲೆಂಡಿನ ದುಡಿಯುವ ದೋಣಿಗಳು ಬಂದರಿಗೆ ಬಂದಾಗ ಮರದ ಬೌಸ್ಪ್ರಿಟ್ ಒಳಗೆಳೆದುಕೊಳ್ಳುತ್ತಿದ್ದವು.

ಚೀಟಿಯಲ್ಲಿ ಹಳೆಯದನ್ನು ಹೊಡೆದು 'ಜಾರುವ ಮೂಕಿ, ನೇರ ಪೈಪ್' ಅಂತ ಬರೆದೆ. ವೆಲ್ಡರ್ ತಕ್ಷಣ ಕೇಳಿದರು, "ಹೊರಗೆ ಚಾಚಿದಾಗ ಒಳಗೆ ಎಷ್ಟು ಉಳೀಬೇಕು?" ಕರಿಮೆಣಸು ಕುಯ್ಯಲು ಎರಡು ತುಂಡಿನ ಏಣಿ ಮಾಡಿಕೊಡುವವರು ಅವರು. ಒಂದು ತುಂಡು ಇನ್ನೊಂದರ ಮೇಲೆ ಸಾಕಷ್ಟು ಕೂರದಿದ್ದರೆ ಏನಾಗುತ್ತದೆ ಅಂತ ಗೊತ್ತು.

ಲೆಕ್ಕ ಹಾಕಿದೆವು. ಕೆಳಗಿನಿಂದ ಹಗ್ಗದ ಆಸರೆ ಇಲ್ಲ. ಹೊರಗೆ 4 ಅಡಿ, ತುದಿಯಲ್ಲಿ 50 ಕೆಜಿ ಎಳೆತ. ಒಳಗೆ ಬರೀ 1 ಅಡಿ ಉಳಿದರೆ ಒಳತುದಿಯ ಮೇಲೆ 200 ಕೆಜಿ, ಪೈಪ್ ಹಾದುಹೋಗುವ ಮೂತಿಯ ಬಳೆಯ ಮೇಲೆ 250 ಕೆಜಿ ಬೀಳುತ್ತದೆ. 2 ಅಡಿ ಉಳಿಸಿದರೆ 100 ಮತ್ತು 150. ಗೆಳೆಯರ ದೋಣಿ ಪ್ಲೈವುಡ್‌ನದು. ಬಳೆ ಕಿತ್ತು ಬಂದರೆ ಮೂತಿಯೇ ಸೀಳುತ್ತದೆ.

2 ಅಡಿ ಅಂತಲೇ ಆಯಿತು. ಪೈಪ್ 6 ಅಡಿಗೆ ಕತ್ತರಿಸಿದರು.