ಚುರುಮುರಿ ಪೊಟ್ಟಣದ ಕೆಂಪು ಕಲೆ

ಮೈಸೂರಿನ ಆ ಹುಡುಗ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟ. ಒಳಗೆ ಚುರುಮುರಿ ಕಟ್ಟಿಕೊಟ್ಟಿದ್ದ ಪೇಪರ್, ಅದರ ಮೂಲೆಯಲ್ಲೊಂದು ಕೆಂಪು ಕಲೆ. "ಮೇಡಂ, ಗಾಡಿಯವರ ಬೆರಳಿಗೆ ಬ್ಯಾಂಡೇಜ್ ಇತ್ತು. ಇದು ರಕ್ತ ಅಲ್ವಾ?"

ನನಗೆ ಟೊಮೆಟೊ ಕಲೆಯ ಹಾಗೆ ಕಂಡಿತು. ಆದರೆ ಹಾಗೆ ಹೇಳಲಿಲ್ಲ. ಹೇಳಿದರೆ ನಾಳೆ ಇನ್ನೊಂದು ಗಾಡಿಯ ಪೇಪರ್ ತರುತ್ತಾನೆ. "ರಕ್ತ ಅಂತಲೇ ಇಟ್ಕೋ. ಆದರೂ ಎಚ್‌ಐವಿ ಬರಲ್ಲ" ಅಂದೆ.

ಆಪ್ತಸಮಾಲೋಚಕಿಯಾಗಿ ನಾನು ದಿನಾ ಹೇಳುವ ಮಾತು ಇದು. ಈ ವೈರಸ್ ಮೈಯಿಂದ ಹೊರಗೆ ಬಿದ್ದರೆ ಜಾಸ್ತಿ ಹೊತ್ತು ಬಾಳುವುದಿಲ್ಲ. ಒಲೆಯ ಶಾಖಕ್ಕೆ ಸಾಯುತ್ತದೆ. ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲ ಬಿಡುವುದಿಲ್ಲ. ಬಡಿಸಿದವರಿಗೆ ಸೋಂಕಿದ್ದರೂ ಅಷ್ಟೇ, ಕತ್ತರಿಸಿದವರ ಬೆರಳು ಕೊಯ್ದಿದ್ದರೂ ಅಷ್ಟೇ. ಅಪರೂಪಕ್ಕೆ ಒಂದು ದಾರಿ ದಾಖಲಾಗಿದೆ: ಸೋಂಕಿರುವವರು ತಾವೇ ಅಗಿದು ಎಳೆ ಮಗುವಿನ ಬಾಯಿಗೆ ಕೊಟ್ಟ ತುತ್ತು. ಅಗಿದು ತಿನ್ನಿಸಬೇಡಿ. ಗಾಡಿ ತಿಂಡಿಗೂ ಅದಕ್ಕೂ ಸಂಬಂಧವಿಲ್ಲ. ಕೊಳಕು ಕೈಯಿಂದ ಟೈಫಾಯ್ಡ್, ಕಾಮಾಲೆ ಬರಬಹುದು, ಆ ಎಚ್ಚರ ಇರಲಿ.

ಆ ಹುಡುಗ ಆಗಲೇ ನಾಲ್ಕು ಸಲ ಪರೀಕ್ಷೆ ಮಾಡಿಸಿದ್ದ. ಎಲ್ಲವೂ ನೆಗೆಟಿವ್. ಪೊಟ್ಟಣದ ಭಯಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಇಂಥ ಭಯ ಬಿಡದೆ ಕಾಡಿದರೆ ಮಾನಸಿಕ ವೈದ್ಯರನ್ನು ನೋಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕಾಂಡೋಮ್ ಇಲ್ಲದ ಸಂಬಂಧ, ಬೇರೆಯವರಿಗೆ ಚುಚ್ಚಿದ ಸೂಜಿ, ಇಂಥದ್ದೇನಾದರೂ ಆಗಿದ್ದರೆ ಮಾತ್ರ ಸುಮ್ನೆ ಕೂರಬೇಡಿ. 72 ಗಂಟೆಯೊಳಗೆ, ಆದಷ್ಟು ಬೇಗ, ಆಸ್ಪತ್ರೆಗೆ ಹೋಗಿ. ಅಗತ್ಯ ಅನ್ನಿಸಿದರೆ ವೈದ್ಯರು ಸೋಂಕು ತಗಲದಂತೆ ತಡೆಯುವ 28 ದಿನದ ಮಾತ್ರೆ ಕೊಡುತ್ತಾರೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ನನಗೆ ಹೊಟ್ಟೆ ಉರಿಯುವುದು ಈ ಭಯ ಮನೆಯೊಳಗೆ ಮಾಡುವ ಕೆಲಸ ನೋಡಿ. ಮಂಡ್ಯ ಕಡೆಯ ಸೋಂಕಿರುವ ಒಬ್ಬ ಹೆಣ್ಣುಮಗಳು, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಮನೆಯಲ್ಲಿ ಅವಳ ಸ್ಟೀಲ್ ತಟ್ಟೆಯ ತಳಕ್ಕೆ ನೇಲ್ ಪಾಲಿಶ್‌ನಲ್ಲಿ ಗುರುತು ಹಾಕಿದ್ದರು, ಬೇರೆಯವರದ್ದರ ಜೊತೆ ಸೇರದಿರಲಿ ಅಂತ. ಒಲೆ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅತ್ತೆಯನ್ನು ಕರೆದುಕೊಂಡು ಬಾ ಅಂದೆ. ಮೂರು ಸಲ ಹೇಳಿದ ಮೇಲೆ ಬಂದರು.

ಎಲ್ಲ ಕೇಳಿಸಿಕೊಂಡು ಆ ತಾಯಿ ಮೆಲ್ಲಗೆ ಕೇಳಿದರು: "ಹಂಗಾದ್ರೆ ಅವಳು ಕಟ್ಟಿದ ಮುದ್ದೆ ನಾವು ಉಣ್ಬೋದಾ?"

"ಉಣ್ಣಿ ಅಮ್ಮ. ಅವಳನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿ" ಅಂದೆ.