ರೊಕ್ಕ ಬಂದಿದೆ, ಆದರೆ ಈ ಪಾಸ್‌ಬುಕ್ಕಿಗಲ್ಲ

ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಸಿಂಧನೂರಿನಲ್ಲಿ ಜನರ ಖಾತೆ ತಕರಾರು ನೋಡಿಕೊಡುತ್ತೇನೆ. ದಿನಾ ಒಬ್ಬರಾದರೂ ಇದೇ ಮಾತು ಹೇಳುತ್ತಾರೆ: "ಸರ, ಗೃಹಲಕ್ಷ್ಮಿ ರೊಕ್ಕ ಬಂದಿಲ್ರಿ." ಆಧಾರ್ ಲಿಂಕ್ ಆಗಿದೆಯಾ ಅಂದರೆ, "ಬ್ಯಾಂಕಿನಾಗ ಝೆರಾಕ್ಸ್ ಕೊಟ್ಟೀನ್ರಿ."

ಎಡವಟ್ಟು ಇಲ್ಲೇ. ಖಾತೆಗೆ ಆಧಾರ್ ಸೇರಿಸುವುದು ಒಂದು ಕೆಲಸ. ಸರ್ಕಾರದ ಹಣ ಈ ಬ್ಯಾಂಕಿಗೇ ಬರಲಿ ಅಂತ ಒಪ್ಪಿಗೆ ಕೊಡುವುದು ಬೇರೆ ಕೆಲಸ. ಇದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ಹಣ ದಾಟಿಸುವ ಸಂಸ್ಥೆ; ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿ ಅದರ ಬಳಿ ಇರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ನಂಬರಿನ ಎದುರು ಒಂದೇ ಒಂದು ಬ್ಯಾಂಕ್ ಇರುತ್ತದೆ. ಖಾತೆ ನಂಬರ್ ಕೂಡ ಇರಲ್ಲ, ಬರೀ ಬ್ಯಾಂಕಿನ ಗುರುತು. ನಾಲ್ಕು ಬ್ಯಾಂಕಿಗೆ ಆಧಾರ್ ಕೊಟ್ಟಿರಬಹುದು. ಕೊನೆಗೆ ಮ್ಯಾಪ್ ಮಾಡಿದ ಬ್ಯಾಂಕ್ ಯಾವುದೋ, ಆಧಾರ್ ಮೂಲಕ ಬರುವ ಹಣವೆಲ್ಲ ಅಲ್ಲಿಗೇ. ಮತ್ತೆ ಹೇಳುತ್ತೇನೆ, ಕೊನೆಗೆ ಮ್ಯಾಪ್ ಮಾಡಿದ ಬ್ಯಾಂಕ್. ನಿಮಗೆ ಇಷ್ಟವಾದದ್ದಲ್ಲ, ಮನೆ ಹತ್ತಿರದ್ದಲ್ಲ.

ತುರ್ವಿಹಾಳ ಕಡೆಯ ಒಬ್ಬ ಅಕ್ಕ ಗಂಡನ ಜೊತೆ ಬಂದಿದ್ದರು. ಏಳು ತಿಂಗಳಿಂದ ಹಣ ಇಲ್ಲ. ಭತ್ತದ ನಾಟಿ ಬಿಟ್ಟು ಮೂರು ಸಲ ಓಡಾಡಿದ್ದಾರೆ. ಶಕ್ತಿ ಯೋಜನೆಯಲ್ಲಿ ಬಸ್ಸೇನೋ ಫ್ರೀ, ಕೂಲಿ ಯಾರು ಕೊಡ್ತಾರೆ? ಸಾಲದ್ದಕ್ಕೆ ಯಾವುದೋ ಅಂಗಡಿಗೆ 300 ರೂಪಾಯಿ ಕೊಟ್ಟು ಹೊಸ ಅರ್ಜಿ ಹಾಕಿಸಿದ್ದರು. ಆಧಾರ್ ವೆಬ್‌ಸೈಟಿನಲ್ಲಿ ನೋಡೋಣ ಅಂದರೆ ಓಟಿಪಿ ಹೋಗುವುದು ಬೆಂಗಳೂರಿಗೆ ದುಡಿಯಲು ಹೋದ ಮಗನ ಫೋನಿಗೆ. ಅವನು ಎತ್ತಲು ಅರ್ಧ ಗಂಟೆ. ನೋಡಿದರೆ ಬೇರೆಯದೇ ಬ್ಯಾಂಕ್! "ಅಯ್ಯ, ಅದು ಸಂಘದ ಸಾಲಕ್ಕಂತ ತೆಗ್ಸಿದ್ದು" ಅಂದರು. ತಿಂಗಳಿಗೆ 2,000ದಂತೆ 14,000 ಅಲ್ಲಿ ಸುಮ್ನೆ ಕೂತಿತ್ತು.

ಗಂಡ ತುಂಗಭದ್ರಾ ಎಡದಂಡೆ ಕಾಲುವೆಯ ರೈತ. "ಹಂಗಾರ ತೂಬು ಬ್ಯಾರೆ ಹೊಲಕ್ಕ ತಿರುಗೈತಿ ಅನ್ರಿ" ಅಂದ. ಈಗ ನಾನೂ ಎಲ್ಲರಿಗೂ ಹಾಗೇ ಹೇಳುತ್ತಿದ್ದೇನೆ.

ತಪ್ಪು ಜನರದ್ದೇ ಅಂತಲ್ಲ. ಖಾತೆ ತೆರೆಯುವ ಫಾರಂನಲ್ಲಿ ಸಬ್ಸಿಡಿಗೆ ಒಪ್ಪಿಗೆ ಕೇಳುವ ಒಂದು ಸಾಲು ಇರುತ್ತದೆ. ಅದಕ್ಕೆ ಬ್ಯಾಂಕಿನವರಾದ ನಾವೇ ಟಿಕ್ ಹಾಕಿ ಸಹಿ ಮಾಡಿಸಿದ್ದುಂಟು. 2017ರಲ್ಲಿ ಸಿಮ್‌ಗೆ ಆಧಾರ್ ಕೊಟ್ಟಾಗ ಜನರಿಗೆ ಗೊತ್ತಿಲ್ಲದೇ ತೆರೆದ ಖಾತೆಗಳಿಗೆ ಗ್ಯಾಸ್ ಸಬ್ಸಿಡಿ ಹೋಗಿ ದೊಡ್ಡ ಗಲಾಟೆಯೇ ಆಯ್ತಲ್ಲ, ಅದೂ ಇದೇ ಕಥೆ. ಹಣ ಬರಲಿಲ್ಲ ಅಂತ ಇನ್ನೊಂದು ಹೊಸ ಖಾತೆ ತೆರೆಯುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಗೊಂದಲ ಇನ್ನೂ ಜಾಸ್ತಿ.

ಎಲ್ಲ ಕೇಸೂ ಹೀಗೇ ಅಂತ ಹೇಳಲಾರೆ. ಊರಿನಲ್ಲಿ ಯಾರಿಗೂ ಬಂದಿಲ್ಲ ಅಂದರೆ ಸರ್ಕಾರವೇ ಕಂತು ಬಿಟ್ಟಿರಲ್ಲ, ಓಡಾಡಬೇಡಿ. ಯಜಮಾನಿಯ ಇಲ್ಲವೇ ಗಂಡನ ಹೆಸರು ಆದಾಯ ತೆರಿಗೆ, ಜಿಎಸ್‌ಟಿ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದರೆ ಅದು ಸಿಡಿಪಿಒ (ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿ) ಕಚೇರಿಯ ಕೆಲಸ, ಬ್ಯಾಂಕಿನದ್ದಲ್ಲ.

ಹೊರಡುವಾಗ ಆ ಅಕ್ಕ ಕೇಳಿದರು: "ಸಂಘದ ಖಾತೆ ಬಂದ್ ಮಾಡ್ಸಿ ಬಿಡ್ಲೇನ್ರಿ?" ಬೇಡವೇ ಬೇಡ ಅಂದೆ. ಮೊದಲು ಬೇಕಾದ ಬ್ಯಾಂಕಿಗೆ ಹೋಗಿ ಮ್ಯಾಪಿಂಗ್ ಫಾರಂ ಕೊಡಿ. ಅಲ್ಲಿಗೆ ಒಂದು ಕಂತು ಬರಲಿ. ಆಮೇಲೆ ಬಂದ್ ಮಾಡಿಸಿ.