ಸನ್ಯಾಸ ಸಭೆಗೆ ಸೇರುವ ಮೊದಲ ಹಂತಗಳು: ನೊವಿಷಿಯೇಟ್ ನಿಯಮಗಳನ್ನು ಅರ್ಥ ಮಾಡಿಕೊಳ್ಳೋಣ

ಕಥೋಲಿಕ ಸನ್ಯಾಸ ಸಭೆಗಳ ಬಗ್ಗೆ ಓದಲು ಕೂತರೆ ಎಲ್ಲರೂ ಮೊದಲು ಉರು ಹೊಡೆಯುವುದು ಹಂತಗಳ ಹೆಸರನ್ನೇ. ಆಸ್ಪಿರೆಂಟ್, ಪೋಸ್ಟ್ಯುಲೆಂಟ್, ನೊವಿಸ್ (ವ್ರತಕ್ಕೆ ಮುಂಚೆ ತರಬೇತಿಯಲ್ಲಿ ಇರುವವರು; ಆ ತರಬೇತಿಯ ಕಾಲವೇ ನೊವಿಷಿಯೇಟ್), ಆಮೇಲೆ ಮೊದಲ ವ್ರತ. ಹೆಸರು ಗೊತ್ತಿದ್ದರೆ ಸಾಲದು. ಈ ಹಂತಗಳು ಯಾಕಿವೆ ಅನ್ನೋದು ಒಂದು ಸಲ ತಲೆಗೆ ಹೋದರೆ ನಿಯಮಗಳನ್ನು ನೆನಪಿಡುವುದು ಕಷ್ಟವಲ್ಲ. ನನಗೆ ಕಂಡ ಕಾರಣ ಇದು: ಬಂದವರು ಮನಸ್ಸು ಬದಲಾದರೆ ಆರಾಮಾಗಿ ವಾಪಸ್ ಹೋಗುವಂತಿರಬೇಕು. ಹೋಗುವ ದಾರಿ ಇದ್ದೂ ಉಳಿದರೆ ಮಾತ್ರ ಆ ನಿರ್ಧಾರ ಅವರದೇ ಆಗುತ್ತದೆ.

ಇದು ಹೊಸ ಕಾಲದ ಯೋಚನೆಯೇನಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮದ 58ನೇ ಅಧ್ಯಾಯ ನೋಡಿ. ಹೊಸಬರಿಗೆ ಸುಲಭವಾಗಿ ಒಳಗೆ ಬಿಡಬೇಡಿ ಅನ್ನುವಲ್ಲಿಂದಲೇ ಅದು ಶುರುವಾಗುತ್ತದೆ. ನಾಲ್ಕೈದು ದಿನ ಬಾಗಿಲು ತಟ್ಟುತ್ತಾ, ಬೇಸರದ ಮಾತನ್ನೂ ಸಹಿಸಿಕೊಂಡು ನಿಂತರೆ ಆಗ ಅತಿಥಿಗಳ ಕೋಣೆಗೆ ಪ್ರವೇಶ. ಅಲ್ಲಿಂದ ನೊವಿಸ್‌ಗಳ ಜಾಗಕ್ಕೆ. ಎರಡು ತಿಂಗಳಾದ ಮೇಲೆ ಇಡೀ ನಿಯಮವನ್ನು ಓದಿ ಹೇಳುತ್ತಾರೆ. ಪಾಲಿಸಲು ಆಗುತ್ತದಾ, ಬಾ, ಆಗಲ್ವಾ, ಹೋಗಬಹುದು. ಆರು ತಿಂಗಳ ನಂತರ ಇನ್ನೊಮ್ಮೆ ಓದುತ್ತಾರೆ, ಮತ್ತೆ ನಾಲ್ಕು ತಿಂಗಳಿಗೆ ಮಗದೊಮ್ಮೆ. ಕೂಡಿಸಿದರೆ 12 ತಿಂಗಳು. ನನಗೆ ತುಂಬಾ ಇಷ್ಟವಾದ ವಿವರ ಬೇರೆ ಇದೆ. ವ್ರತ ತೆಗೆದುಕೊಂಡ ದಿನ ಅವನು ಕಳಚಿಟ್ಟ ಸ್ವಂತ ಬಟ್ಟೆಗಳನ್ನು ಮಠದ ಉಗ್ರಾಣದಲ್ಲಿ ಜೋಪಾನವಾಗಿ ಇಡಬೇಕಂತೆ. ಮುಂದೆಂದಾದರೂ ಬಿಟ್ಟು ಹೊರಟರೆ ಅವನ್ನೇ ಹಾಕಿಕೊಂಡು ಹೋಗಲಿ ಅಂತ.

ಈಗಿನ ಕಾಲಕ್ಕೆ ಬರೋಣ. ಆಸ್ಪಿರೆಂಟ್ ಅಂದರೆ ಸಭೆಯ ಪರಿಚಯ ಮಾಡಿಕೊಳ್ಳುತ್ತಿರುವವರು. ಪೋಸ್ಟ್ಯುಲೆಂಟ್ ಅಂದರೆ ಸೇರಬೇಕು ಅಂತ ಕೇಳಿಕೊಂಡು, ಸಭೆಯ ಮನೆಯಲ್ಲಿ ಇದ್ದು ಆ ಜೀವನ ನೋಡುತ್ತಿರುವವರು. ಈ ಎರಡರ ಅವಧಿ ಸಭೆಯಿಂದ ಸಭೆಗೆ ಬೇರೆ ಬೇರೆ. 1983ರ ಕ್ಯಾನನ್ ಕಾನೂನು, ಅಂದರೆ ಕಥೋಲಿಕ ಧರ್ಮಸಭೆಯ ಕಾನೂನು, ತಕ್ಕ ಸಿದ್ಧತೆ ಇಲ್ಲದೆ ಯಾರನ್ನೂ ಸೇರಿಸಬಾರದು ಅಂತ ಮಾತ್ರ ಹೇಳಿ, ಉಳಿದದ್ದನ್ನು ಆಯಾ ಸಭೆಗೆ ಬಿಡುತ್ತದೆ. ಆದರೆ ಮಠದೊಳಗೇ ಇದ್ದು ಧ್ಯಾನ, ಪ್ರಾರ್ಥನೆಯಲ್ಲಿ ಬದುಕುವ ಸನ್ಯಾಸಿನಿಯರಿಗೆ 2018ರಲ್ಲಿ ವ್ಯಾಟಿಕನ್ ಪ್ರತ್ಯೇಕ ಸೂಚನೆ ಕೊಟ್ಟಿತು. ಅದರ ಪ್ರಕಾರ ಈ ಎರಡೂ ಹಂತಗಳು ತಲಾ ಕನಿಷ್ಠ 12 ತಿಂಗಳು.

ಕಾನೂನು ನಿಜವಾಗಿ ಬಿಗಿಯಾಗುವುದು ನೊವಿಷಿಯೇಟ್ ಬಂದಾಗ. ಸಭೆಯ ಜೀವನ ಅಧಿಕೃತವಾಗಿ ಶುರುವಾಗುವುದೇ ಇಲ್ಲಿ. 17 ವರ್ಷ ತುಂಬದವರನ್ನು, ಮದುವೆಯ ಬಂಧದಲ್ಲಿ ಇರುವವರನ್ನು, ಇನ್ನೊಂದು ಸಭೆಗೆ ಬದ್ಧರಾಗಿರುವವರನ್ನು ಸೇರಿಸಿಕೊಂಡರೆ ಆ ಪ್ರವೇಶ ಅಸಿಂಧು. ಬಲವಂತ, ತೀವ್ರ ಭಯ, ಮೋಸದಿಂದ ಸೇರಿದರೂ ಅಷ್ಟೇ. ಸುಪೀರಿಯರ್ (ಸಭೆಯ ಮುಖ್ಯಸ್ಥರು) ಅದೇ ಥರದ ಒತ್ತಡಕ್ಕೆ ಸಿಕ್ಕಿ ಸೇರಿಸಿಕೊಂಡಿದ್ದರೂ ಅಸಿಂಧುವೇ. ಇದನ್ನು ಓದುವವರು ಗಮನಿಸುವುದು ಕಡಿಮೆ. ಸ್ವಾತಂತ್ರ್ಯ ಎರಡೂ ಕಡೆಗೆ ಬೇಕು.

ಇಲ್ಲೊಂದು ಗೊಂದಲ ಆಗುತ್ತದೆ. ತೀರಿಸಲಾಗದ ಸಾಲ ಇರುವವರನ್ನೂ ಸೇರಿಸಬಾರದು ಅಂತ ನಿಯಮವಿದೆ. ಆದರೆ ಸೇರಿಸಿಬಿಟ್ಟರೆ ಪ್ರವೇಶ ಬಿದ್ದುಹೋಗುವುದಿಲ್ಲ. ನಿಯಮ ಮುರಿದಂತಾಗುತ್ತದೆ, ಅಷ್ಟೇ. ‘ಅಸಿಂಧು’ ಮತ್ತು ‘ನಿಷಿದ್ಧ’ ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಇನ್ನು ಕಾಗದಪತ್ರ: ದೀಕ್ಷಾಸ್ನಾನ, ದೃಢೀಕರಣ (ಕನ್ಫರ್ಮೇಷನ್) ಸಂಸ್ಕಾರಗಳ ಪ್ರಮಾಣಪತ್ರಗಳು, ಜೊತೆಗೆ ಮದುವೆಯಂಥ ಬಂಧನ ಇಲ್ಲ ಅನ್ನುವುದಕ್ಕೆ ದಾಖಲೆ.

ಅವಧಿಯ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. ನೊವಿಷಿಯೇಟ್ ಸಿಂಧುವಾಗಲು 12 ತಿಂಗಳನ್ನು ನೊವಿಸ್‌ಗಳ ಸಮುದಾಯದಲ್ಲೇ ಕಳೆಯಬೇಕು. ಒಟ್ಟು ಅವಧಿ ಎರಡು ವರ್ಷ ದಾಟುವಂತಿಲ್ಲ. ಒಬ್ಬ ನೊವಿಸ್ ತಾಯಿಗೆ ಹುಷಾರಿಲ್ಲ ಅಂತ ಮನೆಗೆ ಹೋಗಿ 20 ದಿನ ಇದ್ದಳು ಅಂದುಕೊಳ್ಳಿ. 15 ದಿನಕ್ಕಿಂತ ಜಾಸ್ತಿ ಆಯ್ತು, ಹಾಗಾಗಿ ಆ ದಿನಗಳನ್ನು ತುಂಬಿಕೊಡಬೇಕು. ಅವಳೇ ಮೂರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ? ನೊವಿಷಿಯೇಟ್ ಅಸಿಂಧು. ಒಂದೇ ಸಲ ಹೋಗಿರಬೇಕು ಅಂತಿಲ್ಲ, ಬಿಡಿಬಿಡಿಯಾಗಿ ಹೋದ ದಿನಗಳೂ ಕೂಡುತ್ತವೆ. ಕಠಿಣ ಅನ್ನಿಸುತ್ತದೆ, ಅಲ್ವಾ? ಆದರೆ ಜೊತೆಯಲ್ಲಿ ಬದುಕಿ ನೋಡದೆ ಈ ಬದುಕು ತನಗೆ ಹೊಂದುತ್ತದಾ ಅಂತ ಅವಳಿಗೂ ತಿಳಿಯುವುದಿಲ್ಲ, ಸಭೆಗೂ ತಿಳಿಯುವುದಿಲ್ಲ. ಈ ಕಾಲದಲ್ಲಿ ನೊವಿಸ್‌ಗಳಿಗೆ ತರಬೇತಿಗೆ ನೇರವಾಗಿ ಸಂಬಂಧಪಡದ ಓದನ್ನಾಗಲಿ ಕೆಲಸವನ್ನಾಗಲಿ ಹೊರಿಸಬಾರದು ಅಂತಲೂ ಕಾನೂನೇ ಹೇಳುತ್ತದೆ.

ನೊವಿಸ್ ಇನ್ನೂ ವ್ರತ ತೆಗೆದುಕೊಂಡಿರುವುದಿಲ್ಲ. ಯಾವತ್ತು ಬೇಕಾದರೂ ಹೊರಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಭೆಯೂ ಕಳಿಸಬಹುದು. ಕೊನೆಗೂ ಅನುಮಾನ ಉಳಿದರೆ ನೊವಿಷಿಯೇಟನ್ನು ಆರು ತಿಂಗಳವರೆಗೆ ಮುಂದುವರಿಸಬಹುದು, ಎರಡು ವರ್ಷದ ಮಿತಿಗೆ ಇದು ವಿನಾಯಿತಿ. ಆಸ್ತಿಯೂ ಅವರದೇ. ಮೊದಲ ವ್ರತಕ್ಕೆ ಮುಂಚೆ ಅದರ ಉಸ್ತುವಾರಿಯನ್ನು ತಮಗೆ ಬೇಕಾದವರಿಗೆ ವಹಿಸುತ್ತಾರೆ, ಒಡೆತನ ಬಿಡುವುದಿಲ್ಲ. ಇಲ್ಲಿ ಸುಮ್ನೆ ‘ಎಲ್ಲ ದಾನ ಮಾಡುತ್ತಾರೆ’ ಅಂತ ಬರೆದುಬಿಡಬೇಡಿ.

ನೊವಿಷಿಯೇಟ್ ಮುಗಿದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೊದಲ ವ್ರತ. ಅದಕ್ಕೆ 18 ತುಂಬಿರಬೇಕು. ಈ ವ್ರತ ತಾತ್ಕಾಲಿಕ, ಮೂರರಿಂದ ಆರು ವರ್ಷದ ಅವಧಿಗೆ. ವಿಸ್ತರಿಸಿದರೂ ಒಟ್ಟು ಒಂಬತ್ತು ವರ್ಷ ಮೀರುವಂತಿಲ್ಲ. ಶಾಶ್ವತ ವ್ರತಕ್ಕೆ 21 ವಯಸ್ಸು. ಯೇಸುಸಭೆಯವರನ್ನು (ಜೆಸ್ಯೂಟರನ್ನು) ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅವರಲ್ಲಿ ನೊವಿಷಿಯೇಟ್ ಎರಡು ವರ್ಷ, ಅದರೊಳಗೆ ಸುಮಾರು 30 ದಿನದ ಮೌನ ಧ್ಯಾನಕೂಟವೂ ಇದೆ. ಅದು ಮುಗಿದಾಗ ತೆಗೆದುಕೊಳ್ಳುವ ಮೊದಲ ವ್ರತವೇ ಶಾಶ್ವತ ವ್ರತ.